ಕೊಡಗಿನ ಮನೆಯಲ್ಲಿ ಕೂತು ಅಂತರಿಕ್ಷದ ಆಟ: ವರ್ಚುವಲ್ ಟೇಬಲ್‌ಟಾಪ್ ಹೊಂದಿಸಿಕೊಳ್ಳುವ ಕ್ರಮ

ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ: ವೈಜ್ಞಾನಿಕ ಕಲ್ಪನೆಯ ಟೇಬಲ್‌ಟಾಪ್ ಆಟಗಳನ್ನು ಆನ್‌ಲೈನ್‌ನಲ್ಲಿ ಆಡಲು ಯಾವ ತಂತ್ರಾಂಶ ಕೊಳ್ಳಬೇಕು? ಪ್ರಶ್ನೆ ಸಹಜವೇ. ಆಡುವ ನಾಲ್ವರಲ್ಲಿ ಒಬ್ಬರು ಸಿದ್ದಾಪುರದ ತೋಟದಲ್ಲಿ, ಒಬ್ಬರು ನಾಪೋಕ್ಲಿನಲ್ಲಿ, ಇನ್ನಿಬ್ಬರು ಕೆಲಸದ ನಿಮಿತ್ತ ಬೆಂಗಳೂರಿನಲ್ಲಿ ಇದ್ದರೆ, ಎಲ್ಲರೂ ಒಂದೇ ಮೇಜಿನ ಸುತ್ತ ಸೇರುವುದು ಹುತ್ತರಿಗೋ ಕೈಲ್ ಮುಹೂರ್ತಕ್ಕೋ ಮಾತ್ರ. ಹತ್ತಿರದಲ್ಲೇ ಇರುವವರಿಗೂ ಆನೆ ದಾಟುವ ರಸ್ತೆಯಲ್ಲಿ ರಾತ್ರಿ ಹನ್ನೊಂದಕ್ಕೆ ಬೈಕಿನಲ್ಲಿ ಮನೆಗೆ ಮರಳುವುದು ಕ್ಷೇಮವಲ್ಲ. ಆದರೆ ತಂತ್ರಾಂಶದ ಆಯ್ಕೆ ನಾಲ್ಕನೆಯ ಹಂತದ ಮಾತು. ತಂಡದಲ್ಲಿ ಯಾರ ಸಂಪರ್ಕ ಎಲ್ಲರಿಗಿಂತ ದುರ್ಬಲವೋ ಅವರ ಅಳತೆಗೆ ತಕ್ಕಂತೆ ಮಿಕ್ಕದ್ದನ್ನೆಲ್ಲ ಹೊಂದಿಸಬೇಕಾಗುವುದರಿಂದ, ಮೊದಲು ಆ ಅಳತೆ ಗೊತ್ತಾಗಬೇಕು.

ಎರಡು ಪದಗಳ ಅರ್ಥವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಟೇಬಲ್‌ಟಾಪ್ ಆಟವೆಂದರೆ ಒಬ್ಬರು ಕಥೆಯ ಸನ್ನಿವೇಶವನ್ನು ನಡೆಸುತ್ತ, ಉಳಿದವರು ತಲಾ ಒಂದು ಪಾತ್ರ ವಹಿಸಿ, ಅನುಮಾನವಿದ್ದಲ್ಲಿ ದಾಳ ಎಸೆದು ಫಲಿತಾಂಶ ತಿಳಿಯುವ ರೋಲ್‌ಪ್ಲೇ ಆಟ. ನಡೆಸುವವರನ್ನು ಗೇಮ್ ಮಾಸ್ಟರ್ ಎನ್ನುತ್ತಾರೆ. ವರ್ಚುವಲ್ ಟೇಬಲ್‌ಟಾಪ್ ಎಂದರೆ ನಕ್ಷೆ, ಕಾಯಿ, ದಾಳ, ಪಾತ್ರದ ಪಟ್ಟಿ ಇವೆಲ್ಲವನ್ನೂ ಎಲ್ಲರ ಪರದೆಯ ಮೇಲೆ ಏಕಕಾಲಕ್ಕೆ ತೋರಿಸುವ ತಂತ್ರಾಂಶ. ಅದು ಮೇಜಿನ ಬದಲಿಗೆ ಬರುತ್ತದೆಯೇ ಹೊರತು ಆಟ ನಡೆಸುವವರ ಬದಲಿಗೆ ಬರುವುದಿಲ್ಲ. ಕಂಪ್ಯೂಟರ್ ಗೇಮ್‌ನಂತೆ ತಾನಾಗಿ ಕಥೆ ನಡೆಸೀತು ಎಂಬ ನಿರೀಕ್ಷೆಯಿಂದ ಬಂದವರು ಮೊದಲ ದಿನವೇ ನಿರಾಶರಾಗುತ್ತಾರೆ.

1. ತಂಡದ ಲೆಕ್ಕ ಬರೆದುಕೊಳ್ಳಿ

ಗೇಮ್ ಮಾಸ್ಟರ್ ಸೇರಿ ನಾಲ್ಕೈದು ಮಂದಿ ಸಾಕು. ಪ್ರತಿಯೊಬ್ಬರ ಬಳಿ ಲ್ಯಾಪ್‌ಟಾಪ್ ಇದೆಯೋ ಮೊಬೈಲ್ ಮಾತ್ರವೋ, ಮನೆಗೆ ಫೈಬರ್ ಬಂದಿದೆಯೋ ಮೊಬೈಲ್ ಡೇಟಾವೇ ಗತಿಯೋ, ಸಿಗ್ನಲ್ ಮನೆಯೊಳಗೆ ಸಿಗುತ್ತದೋ ಕಣದ ಮೂಲೆಗೆ ಹೋಗಿ ನಿಲ್ಲಬೇಕೋ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. ವೇಗದ ಪರೀಕ್ಷೆಯನ್ನು ಮಧ್ಯಾಹ್ನ ಮಾಡಿ ತೃಪ್ತರಾಗಬೇಡಿ; ಆಡುವುದು ರಾತ್ರಿಯಾದ್ದರಿಂದ ರಾತ್ರಿ ಎಂಟೂವರೆಗೇ ಪರೀಕ್ಷಿಸಿ, ಸಾಧ್ಯವಾದರೆ ಒಂದು ಮಳೆಯ ದಿನವೂ ಪರೀಕ್ಷಿಸಿ.

ಡೇಟಾದ ಬಗ್ಗೆ ಅನೇಕರಿಗೆ ವಿನಾಕಾರಣ ಭಯವಿದೆ. ಧ್ವನಿಗೆ ಬೇಕಾಗುವುದು ಬಹಳ ಕಡಿಮೆ. ಸೆಕೆಂಡಿಗೆ 64 ಕಿಲೋಬಿಟ್‌ನ ಧ್ವನಿ ಒಂದು ಗಂಟೆ ಎಡೆಬಿಡದೆ ಹರಿದರೂ ಸುಮಾರು 29 ಎಂಬಿ ಆಗುತ್ತದೆ, ಮತ್ತು ಆಟದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಬ್ಬರೇ ಮಾತನಾಡುತ್ತಾರೆ. ಅದೇ ಸೆಕೆಂಡಿಗೆ ಒಂದು ಮೆಗಾಬಿಟ್‌ನ ವಿಡಿಯೋ ಗಂಟೆಗೆ 450 ಎಂಬಿ ನುಂಗುತ್ತದೆ. ಹೀಗಾಗಿ ಕ್ಯಾಮೆರಾ ಆರಿಸಿಡುವುದನ್ನು ತಂಡದ ನಿಯಮವನ್ನಾಗಿಯೇ ಮಾಡಿ.

2. ಕರೆಂಟ್ ಮತ್ತು ಸಿಡಿಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ತುಂಡಾಗುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ಆದರೆ ಫೈಬರ್‌ನ ವೈಫೈ ಪೆಟ್ಟಿಗೆಗೆ ಇರುವುದಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಆ ಪೆಟ್ಟಿಗೆ ಇನ್ವರ್ಟರ್ ಸಾಲಿನ ಪ್ಲಗ್ಗಿನಲ್ಲಿದೆಯೇ ಎಂದು ನೋಡಿ. ಇನ್ವರ್ಟರ್ ಇಲ್ಲದವರಿಗೆ ರೂಟರ್‌ಗೆಂದೇ ಮಾರುವ ಸಣ್ಣ ಯುಪಿಎಸ್ ಸಾಕಾಗುತ್ತದೆ. ಅದನ್ನು ಕೊಳ್ಳುವ ಮೊದಲು ರೂಟರ್‌ನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಓದಿಕೊಳ್ಳಿ. 12 ವೋಲ್ಟ್‌ನ ಪೆಟ್ಟಿಗೆಗೆ 9 ವೋಲ್ಟ್‌ನ ಯುಪಿಎಸ್ ತಂದವರು ಅದನ್ನು ಹಿಂದಿರುಗಿಸಲು ಮತ್ತೊಮ್ಮೆ ಪೇಟೆಗೆ ಇಳಿಯಬೇಕಾಗುತ್ತದೆ. 3.7 ವೋಲ್ಟ್‌ನ ಲೆಕ್ಕದಲ್ಲಿ 8,800 ಎಂಎಎಚ್ ಎಂದು ಬರೆದಿರುವ ಯುಪಿಎಸ್‌ನಲ್ಲಿ ಸುಮಾರು 32 ವಾಟ್-ಗಂಟೆ ಶಕ್ತಿಯಿರುತ್ತದೆ. ಪೆಟ್ಟಿಗೆ ಹತ್ತು ವಾಟ್ ಎಳೆಯುತ್ತದೆಂದು ಹಿಡಿದರೆ, ಸೋರಿಕೆ ಕಳೆದು ಎರಡೂವರೆ ಗಂಟೆ ಬಂದೀತು. ನಮ್ಮ ತಂಡದ ಒಂದು ರಾತ್ರಿಯ ಆಟದ ಉದ್ದ ಎರಡೂವರೆ ಗಂಟೆ ಎಂದು ನಿಗದಿಯಾದದ್ದು ಈ ಕಾರಣಕ್ಕೇ.

ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಬೇರೆಯೇ ವಿಷಯ. ಗುಡುಗು ಹತ್ತಿರವಾದರೆ ಆಟ ನಿಲ್ಲಿಸಿ ಅಡಾಪ್ಟರ್ ಮತ್ತು ಚಾರ್ಜರ್‌ಗಳನ್ನು ಗೋಡೆಯಿಂದ ಕಿತ್ತಿಡಿ. ಸ್ವಿಚ್ ಆರಿಸಿದ ಮಾತ್ರಕ್ಕೆ ಸಾಲದು.

3. ಆಟವನ್ನು ಆರಿಸಿ

ವೈಜ್ಞಾನಿಕ ಕಲ್ಪನೆಯ ಆಟಗಳಿಗೆ ಒಂದು ಅನುಕೂಲವಿದೆ. ಕತ್ತಿ ಗುರಾಣಿಗಳ ಆಟದಲ್ಲಿ ಹೆಜ್ಜೆಹೆಜ್ಜೆಗೂ ಚೌಕಗಳ ರಣಭೂಮಿ ಬೇಕಾದರೆ, ಅಂತರಿಕ್ಷದ ಆಟದ ಬಹುಪಾಲು ನಡೆಯುವುದು ಮಾತಿನಲ್ಲಿ, ವ್ಯಾಪಾರದಲ್ಲಿ, ಹಡಗಿನ ರಿಪೇರಿಯಲ್ಲಿ. ದುರ್ಬಲ ಇಂಟರ್ನೆಟ್‌ಗೆ ಅದು ಹೊಂದಿಕೊಳ್ಳುತ್ತದೆ.

ಮೊದಲ ಸಲಕ್ಕೆ ‘ಲೇಸರ್ಸ್ ಅಂಡ್ ಫೀಲಿಂಗ್ಸ್’ ಎಂಬ ಒಂದೇ ಪುಟದ ಉಚಿತ ಆಟವನ್ನು ಸೂಚಿಸುತ್ತೇನೆ. ಪ್ರತಿ ಆಟಗಾರ 2ರಿಂದ 5ರೊಳಗೆ ಒಂದು ಸಂಖ್ಯೆ ಆರಿಸಿಕೊಳ್ಳಬೇಕು. ತರ್ಕ, ಯಂತ್ರ, ನಿಖರತೆಯ ಕೆಲಸಕ್ಕೆ ದಾಳ ಆ ಸಂಖ್ಯೆಗಿಂತ ಕೆಳಗೆ ಬೀಳಬೇಕು, ಭಾವ, ಮನವೊಲಿಕೆ, ಆವೇಶದ ಕೆಲಸಕ್ಕೆ ಮೇಲೆ ಬೀಳಬೇಕು. ಹತ್ತು ನಿಮಿಷದಲ್ಲಿ ವಿವರಿಸಬಹುದಾದ ಆಟವಾದ್ದರಿಂದ ತಂತ್ರಾಂಶ ಕಲಿಯಲು ಸಮಯ ಉಳಿಯುತ್ತದೆ.

ದೀರ್ಘಕಾಲ ಆಡುವ ಮನಸ್ಸಿದ್ದರೆ 1977ರಿಂದ ಚಾಲ್ತಿಯಲ್ಲಿರುವ ‘ಟ್ರಾವೆಲರ್’ ಒಳ್ಳೆಯ ಆಯ್ಕೆ. ಅದರಲ್ಲಿ ಆರು ಮುಖದ ಎರಡು ದಾಳಗಳನ್ನು ಎಸೆದು, ಕೌಶಲದ ಅಂಕ ಕೂಡಿಸಿ, ಸಾಮಾನ್ಯವಾಗಿ 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗೆಲುವು. ಗೇಮ್ ಮಾಸ್ಟರ್ ಆಗುವವರು ಒಂದು ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ: ಕೌಶಲದ ಅಂಕ ಸೊನ್ನೆಯಾದರೆ ಗೆಲ್ಲುವ ಸಾಧ್ಯತೆ ಶೇ. 42ರಷ್ಟು, ಒಂದು ಅಂಕ ಕೂಡಿದರೆ ಶೇ. 58, ಎರಡು ಕೂಡಿದರೆ ಶೇ. 72. ಸಣ್ಣ ಸಣ್ಣ ಕೆಲಸಕ್ಕೂ ದಾಳ ಎಸೆಯಲು ಹೇಳಿದರೆ ಪಾತ್ರಗಳು ಅರ್ಧಕ್ಕರ್ಧ ಸಲ ಎಡವುತ್ತಲೇ ಇರುತ್ತವೆ. ಆನ್‌ಲೈನ್‌ನಲ್ಲಿ ದಾಳ ಎಸೆಯುವುದು ಬಹಳ ಸುಲಭವಾದ್ದರಿಂದ ಈ ತಪ್ಪು ಇನ್ನೂ ಬೇಗ ಆಗುತ್ತದೆ.

4. ತಂತ್ರಾಂಶ

ಆಯ್ಕೆಗಳು ಹಲವಿದ್ದರೂ ನಮ್ಮ ಪರಿಸ್ಥಿತಿಯಲ್ಲಿ ಮೂರನ್ನು ತೂಗಿ ನೋಡಿದರೆ ಸಾಕು.

‘ಔಲ್‌ಬೇರ್ ರೋಡಿಯೋ’ ಹಗುರವಾದದ್ದು. ನಕ್ಷೆ, ಕಾಯಿ, ದಾಳ, ಹೆಚ್ಚುಕಡಿಮೆ ಅಷ್ಟೇ. ಮೊಬೈಲ್ ಮಾತ್ರ ಇರುವವರು ತಂಡದಲ್ಲಿದ್ದರೆ ಹೆಚ್ಚು ಯೋಚಿಸದೆ ಇದನ್ನೇ ಹಿಡಿಯಿರಿ.

2012ರಲ್ಲಿ ಆರಂಭವಾದ ‘ರೋಲ್20’ ಬ್ರೌಸರ್‌ನಲ್ಲೇ ನಡೆಯುತ್ತದೆ, ಉಚಿತ ಖಾತೆಯಲ್ಲೇ ಆಟ ಪೂರ್ತಿ ಆಡಬಹುದು, ಟ್ರಾವೆಲರ್‌ನಂಥ ಆಟಗಳ ಪಾತ್ರಪಟ್ಟಿಗಳೂ ಅದರಲ್ಲಿ ಸಿಗುತ್ತವೆ. ಎಲ್ಲವೂ ಅವರ ಸರ್ವರ್‌ನಲ್ಲಿರುವುದರಿಂದ ನಿಮ್ಮ ಮನೆಯ ಕರೆಂಟ್ ಹೋದರೂ ಉಳಿದವರ ಪರದೆ ಆರುವುದಿಲ್ಲ. ಉಚಿತ ಖಾತೆಯಲ್ಲಿ ಚಿತ್ರಗಳಿಗೆ ಸಿಗುವ ಜಾಗ ಮಾತ್ರ ಸೀಮಿತ.

2020ರಲ್ಲಿ ಬಂದ ‘ಫೌಂಡ್ರಿ’ಯನ್ನು ಒಮ್ಮೆ ಹಣ ಕೊಟ್ಟು ಕೊಳ್ಳಬೇಕು. ಗೇಮ್ ಮಾಸ್ಟರ್ ಒಬ್ಬರು ಕೊಂಡರೆ ಸಾಕು, ಉಳಿದವರು ಬ್ರೌಸರ್‌ನಿಂದ ಒಳಬರುತ್ತಾರೆ. ಮೂರರಲ್ಲಿ ಅತ್ಯಂತ ಸಮರ್ಥವಾದದ್ದು ಇದೇ. ಆದರೆ ಅದು ನಿಮ್ಮ ಕಂಪ್ಯೂಟರ್‌ನಲ್ಲೇ ಸರ್ವರ್ ಆಗಿ ಓಡುತ್ತದೆ, ತೊಡಕು ಇರುವುದೂ ಅಲ್ಲೇ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಮೂರು ತಿಂಗಳು ರೋಲ್20ರಲ್ಲಿ ಆಡಿ. ಫೌಂಡ್ರಿಯ ಬೆಳಕು-ನೆರಳಿನ ಚೆಂದಕ್ಕೆ ಮರುಳಾಗಿ ಮೊದಲ ವಾರವೇ ಅದನ್ನು ಕೊಂಡು, ಆಡುವ ಬದಲು ಮಾಡ್ಯೂಲ್, ಅಂದರೆ ಹೆಚ್ಚುವರಿ ಸೌಲಭ್ಯದ ತುಣುಕುಗಳನ್ನು ಜೋಡಿಸುವುದರಲ್ಲೇ ಮಳೆಗಾಲ ಕಳೆದವರನ್ನು ಬಲ್ಲೆ. ಅವರಲ್ಲಿ ನಾನೂ ಒಬ್ಬ.

5. ಫೌಂಡ್ರಿಯನ್ನೇ ಆರಿಸಿದವರಿಗೆ

ಹೊರಗಿನವರು ನಿಮ್ಮ ಕಂಪ್ಯೂಟರ್ ತಲುಪಬೇಕಾದರೆ ರೂಟರ್‌ನಲ್ಲಿ 30000 ಸಂಖ್ಯೆಯ ಪೋರ್ಟ್ ತೆರೆಯಬೇಕು. ಪೋರ್ಟ್ ಎಂದರೆ ಒಂದೇ ವಿಳಾಸದ ಮನೆಗೆ ಇರುವ ಹಲವು ಬಾಗಿಲುಗಳಲ್ಲಿ ಒಂದು ಎಂದು ತಿಳಿಯಿರಿ. ಆದರೆ ಮೊಬೈಲ್ ಡೇಟಾದಲ್ಲೂ ಅನೇಕ ಫೈಬರ್ ಸಂಪರ್ಕಗಳಲ್ಲೂ ಕಂಪನಿಯು ನೂರಾರು ಮನೆಗಳಿಗೆ ಸೇರಿ ಒಂದೇ ಸಾರ್ವಜನಿಕ ವಿಳಾಸ ಹಂಚಿರುತ್ತದೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಒಂದೇ ಗೇಟಿನ ಹಿಂದೆ ಹತ್ತಾರು ಲೈನ್ ಮನೆಗಳಿದ್ದಂತೆ. ಗೇಟಿಗೆ ಬಂದ ಕಾಗದ ಯಾವ ಮನೆಯದೆಂದು ಹೊರಗಿನವರಿಗೆ ತಿಳಿಯುವುದಿಲ್ಲ, ನಿಮ್ಮ ಬಾಗಿಲು ತೆರೆದಿದ್ದರೂ ಪ್ರಯೋಜನವಿಲ್ಲ.

ಪರೀಕ್ಷೆ ಹೀಗೆ: ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ (WAN) ವಿಳಾಸ ಎಂದು ಕಾಣುವುದನ್ನು ಬರೆದುಕೊಳ್ಳಿ, ನಂತರ ‘ನನ್ನ ಐಪಿ ಏನು’ ಎಂದು ಬ್ರೌಸರ್‌ನಲ್ಲಿ ಹುಡುಕಿ ಬಂದ ವಿಳಾಸದೊಂದಿಗೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಪೋರ್ಟ್ ತೆರೆಯುವುದು ಫಲಿಸೀತು. ಬೇರೆ ಬೇರೆಯಾಗಿದ್ದರೆ, ಅದರಲ್ಲೂ ರೂಟರ್‌ನ ವಿಳಾಸ 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಆರಂಭವಾಗಿದ್ದರೆ, ಅಲ್ಲಿಗೇ ನಿಲ್ಲಿಸಿ. ಇಡೀ ರವಿವಾರ ರೂಟರ್ ಮುಂದೆ ಕಳೆದರೂ ಅದು ಸರಿಹೋಗದು. ಆಗ ಉಳಿಯುವ ದಾರಿ ಮೂರು: ಕಂಪನಿಯಿಂದ ಸ್ಥಿರ ಸಾರ್ವಜನಿಕ ವಿಳಾಸ ಕೇಳಿ ಪಡೆಯುವುದು, ‘ಟೈಲ್‌ಸ್ಕೇಲ್’ನಂಥ ತಂತ್ರಾಂಶವನ್ನು ಎಲ್ಲರ ಕಂಪ್ಯೂಟರ್‌ಗೂ ಹಾಕಿ ಖಾಸಗಿ ಜಾಲ ಕಟ್ಟುವುದು, ಇಲ್ಲವೇ ಹಣ ಕೊಟ್ಟು ಫೌಂಡ್ರಿಯನ್ನು ಬೇರೆಡೆಯ ಸರ್ವರ್‌ನಲ್ಲಿ ಇಡಿಸುವುದು. ಪದೇ ಪದೇ ಕರೆಂಟ್ ಹೋಗುವ ಮನೆಯಿಂದ ಆಟ ನಡೆಸುವವರಿಗೆ ಮೂರನೆಯದೇ ಲೇಸು.

ಇನ್ನೊಂದು ಎಚ್ಚರಿಕೆ. ಕಥೆ ಅರ್ಧಕ್ಕೆ ಬಂದಾಗ ಹೊಸ ಆವೃತ್ತಿಗೆ ಅಪ್‌ಡೇಟ್ ಮಾಡಿ ಎಂಬ ಸೂಚನೆ ಕಂಡರೆ ಕೂಡಲೇ ಒತ್ತಬೇಡಿ. ನೀವು ಬಳಸುವ ಆಟದ ವ್ಯವಸ್ಥೆ ಮತ್ತು ಮಾಡ್ಯೂಲ್‌ಗಳು ಹೊಸ ಆವೃತ್ತಿಗೆ ಹೊಂದುತ್ತವೆಯೇ ನೋಡಿ, ಡೇಟಾ ಫೋಲ್ಡರ್ ಪೂರ್ತಿ ನಕಲು ಮಾಡಿಟ್ಟು, ಆಮೇಲೆ ಯೋಚಿಸಿ.

6. ನಕ್ಷೆಗಳು

ಅಂತರಿಕ್ಷದ ಆಟಕ್ಕೆ ಮೂರು ಬಗೆಯ ನಕ್ಷೆ ಬೇಕು, ಮೂರಕ್ಕೂ ಒಂದೇ ಚೌಕದ ಜಾಲ ಹಾಕುವುದು ಹೊಸಬರ ಸಾಮಾನ್ಯ ತಪ್ಪು.

ಮೊದಲನೆಯದು ನಕ್ಷತ್ರಗಳ ನಕ್ಷೆ. ಟ್ರಾವೆಲರ್‌ನಲ್ಲಿ ಇದು ಷಟ್ಕೋನಗಳ ಜಾಲ. ಒಂದು ಷಟ್ಕೋನಕ್ಕೆ ಒಂದು ಪಾರ್ಸೆಕ್, ಅಂದರೆ 3.26 ಜ್ಯೋತಿರ್ವರ್ಷ. ಅಗಲಕ್ಕೆ 8, ಎತ್ತರಕ್ಕೆ 10 ಷಟ್ಕೋನ ಸೇರಿದರೆ ಒಂದು ಉಪವಲಯ. ಹಡಗಿನ ಒಂದು ಜಿಗಿತಕ್ಕೆ ದೂರ ಎಷ್ಟೇ ಇರಲಿ ಸುಮಾರು ಒಂದು ವಾರ ಹಿಡಿಯುತ್ತದೆ. ಆದ್ದರಿಂದ ನಕ್ಷೆಯ ಮೂಲೆಯಲ್ಲಿ ಆಟದೊಳಗಿನ ದಿನಾಂಕ ಬರೆಯಲು ಒಂದು ಪೆಟ್ಟಿಗೆ ಬಿಡಿ. ಹಡಗಿನ ಸಾಲದ ಕಂತು ಕಟ್ಟುವ ದಿನ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ.

ಎರಡನೆಯದು ಹಡಗುಗಳ ಕಾದಾಟದ ನಕ್ಷೆ. ಇದಕ್ಕೆ ಜಾಲವೇ ಬೇಡ. ಆ ಆಟದಲ್ಲಿ ದೂರವನ್ನು ಚೌಕಗಳಿಂದ ಅಳೆಯದೆ ಹತ್ತಿರ, ಮಧ್ಯಮ, ದೂರ, ಬಹುದೂರ ಎಂಬಂಥ ಪಟ್ಟಿಗಳಿಂದ ಹೇಳುತ್ತಾರೆ. ಕಪ್ಪು ಹಿನ್ನೆಲೆಯ ಮೇಲೆ ಐದಾರು ಅಡ್ಡ ಗೆರೆ ಎಳೆದು ಹೆಸರು ಬರೆದರೆ ನಕ್ಷೆ ಸಿದ್ಧ, ಮತ್ತು ಅದರ ತೂಕ ಹೆಚ್ಚುಕಡಿಮೆ ಸೊನ್ನೆ.

ಮೂರನೆಯದು ಹಡಗಿನ ಒಳಾಂಗಣದ ನಕ್ಷೆ. ಇದಕ್ಕೆ ಮಾತ್ರ ಚೌಕ ಬೇಕು, ಇದರಲ್ಲೇ ಎಲ್ಲರೂ ಎಡವುವುದು. ಟ್ರಾವೆಲರ್‌ನಲ್ಲಿ ಒಂದು ಚೌಕ ಒಂದೂವರೆ ಮೀಟರ್. ಹಡಗಿನ ಪ್ರತಿ ಟನ್ನಿಗೆ (ಇಲ್ಲಿ ಟನ್ ತೂಕವಲ್ಲ, ಜಾಗದ ಅಳತೆ) ಎರಡು ಚೌಕದ ಲೆಕ್ಕ. 200 ಟನ್‌ನ ಸಾಮಾನ್ಯ ವ್ಯಾಪಾರಿ ಹಡಗಿಗೆ ಸುಮಾರು 400 ಚೌಕ, ಅಂದರೆ 25ಕ್ಕೆ 16. ರೋಲ್20ರಲ್ಲಿ ಒಂದು ಚೌಕಕ್ಕೆ 70 ಪಿಕ್ಸೆಲ್ ಆದ್ದರಿಂದ ಚಿತ್ರ 1750ಕ್ಕೆ 1120 ಪಿಕ್ಸೆಲ್ ಇದ್ದರೆ ಸರಿಹೊಂದುತ್ತದೆ. ಅದಕ್ಕಿಂತ ನಾಲ್ಕು ಪಟ್ಟು ದೊಡ್ಡ ಚಿತ್ರ ಹಾಕಿದರೆ ಆಟಗಾರರ ಕಣ್ಣಿಗೆ ಅಷ್ಟೇನೂ ವ್ಯತ್ಯಾಸ ಕಾಣದು, ಡೇಟಾಕ್ಕೆ ಕಾಣುತ್ತದೆ. ಹಿಂದೊಮ್ಮೆ ನಾನು 18 ಎಂಬಿಯ ಚಿತ್ರವೊಂದನ್ನು ಏರಿಸಿ, ಬೆಂಗಳೂರಿನ ಇಬ್ಬರು ಹಡಗಿನೊಳಗೆ ನುಗ್ಗಿ ಗುಂಡು ಹಾರಿಸುತ್ತಿದ್ದಾಗ, ನಾಪೋಕ್ಲಿನ ಗೆಳೆಯನಿಗೆ ಇಪ್ಪತ್ತು ನಿಮಿಷ ಬರೀ ಬೂದು ಚೌಕಗಳೇ ಕಂಡಿದ್ದವು. ಚಿತ್ರವನ್ನು ವೆಬ್‌ಪಿ ಅಥವಾ ಜೆಪೆಗ್ ರೂಪಕ್ಕೆ ಬದಲಾಯಿಸಿ ಒಂದು ಎಂಬಿಯೊಳಗೆ ಇಳಿಸಿ. ಆಟದ ದಿನ ಬೆಳಿಗ್ಗೆಯೇ ಎಲ್ಲರೂ ಒಮ್ಮೆ ಆ ಪುಟ ತೆರೆದು ಮುಚ್ಚಿದರೆ ಚಿತ್ರ ಸಾಮಾನ್ಯವಾಗಿ ಬ್ರೌಸರ್‌ನಲ್ಲೇ ಉಳಿದು ರಾತ್ರಿ ಬೇಗ ತೆರೆದುಕೊಳ್ಳುತ್ತದೆ.

ಚಿತ್ರ ಏರಿಸಿದ ಮೇಲೆ ಪದರಗಳನ್ನು ಗಮನಿಸಿ. ಹಿನ್ನೆಲೆಯ ನಕ್ಷೆಗೆ ಒಂದು ಪದರ, ಆಟಗಾರರು ಆಡಿಸುವ ಕಾಯಿಗಳಿಗೆ, ಅಂದರೆ ಟೋಕನ್‌ಗಳಿಗೆ ಒಂದು ಪದರ, ಗೇಮ್ ಮಾಸ್ಟರ್ ಮಾತ್ರ ನೋಡಬಲ್ಲ ಗುಟ್ಟಿನ ಪದರ ಒಂದು. ನಕ್ಷೆಯನ್ನು ತಪ್ಪಿ ಟೋಕನ್ ಪದರದಲ್ಲಿ ಇಟ್ಟರೆ ನೀವು ಕಾಯಿ ಹಿಡಿಯಲು ಹೋದಾಗಲೆಲ್ಲ ಇಡೀ ಹಡಗೇ ಎಳೆದುಕೊಂಡು ಬರುತ್ತದೆ. ಕಾಯಿಯನ್ನು ನಕ್ಷೆಯ ಪದರದಲ್ಲಿ ಇಟ್ಟರೆ ಆಟಗಾರ ಎಷ್ಟು ಒತ್ತಿದರೂ ಅದು ಅಲುಗಾಡುವುದಿಲ್ಲ. ‘ನನ್ನ ಕಾಯಿ ಕೆಟ್ಟಿದೆ’ ಎಂಬ ದೂರಿನ ಮೂಲ ಬಹುತೇಕ ಇದೇ, ಅಥವಾ ಆ ಕಾಯಿಯ ನಿಯಂತ್ರಣವನ್ನು ಆಟಗಾರರ ಹೆಸರಿಗೆ ಕೊಟ್ಟಿಲ್ಲದಿರುವುದು. ಇನ್ನೂ ತೆರೆಯದ ಕೋಣೆಗಳನ್ನು ಮುಚ್ಚಿಡುವ ಸೌಲಭ್ಯವನ್ನು ಇಂಗ್ಲಿಷಿನವರು ಯುದ್ಧದ ಮಂಜು ಎನ್ನುತ್ತಾರೆ. ಮಂಜಿನಲ್ಲಿ ದಾರಿ ಹುಡುಕುವುದು ನಮಗೇನೂ ಹೊಸದಲ್ಲ. ಅದನ್ನು ಹಾಕಿದ ಮೇಲೆ ಆಟಗಾರರಾಗಿ ಒಳಹೊಕ್ಕು ಏನು ಕಾಣುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ.

7. ಪಾತ್ರಪಟ್ಟಿ, ದಾಳ ಮತ್ತು ಕನ್ನಡ ಲಿಪಿ

ಪಾತ್ರಪಟ್ಟಿಯಲ್ಲಿ ಪಾತ್ರದ ಬಲ, ಚುರುಕು, ಬುದ್ಧಿ, ಕೌಶಲ, ಸಾಮಾನು ಎಲ್ಲ ದಾಖಲಾಗಿರುತ್ತವೆ. ಟ್ರಾವೆಲರ್‌ನಲ್ಲಿ ಪಾತ್ರ ಕಟ್ಟುವುದೇ ಒಂದು ಆಟ. ಪಾತ್ರದ ಹಿಂದಿನ ಉದ್ಯೋಗ ಜೀವನವನ್ನು ನಾಲ್ಕು ನಾಲ್ಕು ವರ್ಷಗಳ ಅವಧಿಯಾಗಿ ದಾಳ ಎಸೆದು ನಿರ್ಧರಿಸುತ್ತಾರೆ. ಅದನ್ನು ಒಬ್ಬೊಬ್ಬರೇ ಮನೆಯಲ್ಲಿ ಮಾಡಿಕೊಂಡು ಬರಲು ಹೇಳದೆ ಒಂದು ಸಂಜೆ ಎಲ್ಲರೂ ಕೂಡಿ ಮಾಡಿ.

ರೋಲ್20ರ ಚಾಟ್ ಪೆಟ್ಟಿಗೆಯಲ್ಲಿ ಮುಂದಕ್ಕೆ ವಾಲಿದ ಓರೆ ಗೆರೆ ಹಾಕಿ, ಇಂಗ್ಲಿಷಿನ ‘ಆರ್’ ಅಕ್ಷರ ಬರೆದು, ಒಂದು ಜಾಗ ಬಿಟ್ಟು, 2, ‘ಡಿ’ ಅಕ್ಷರ, 6 ಎಂದು ಜೋಡಿಸಿ ಬರೆದು ಎಂಟರ್ ಒತ್ತಿದರೆ ಎರಡು ದಾಳ ಬೀಳುತ್ತವೆ. ಕೌಶಲದ ಅಂಕವಿದ್ದರೆ ಅದರ ಮುಂದೆ ಕೂಡಿಸುವ ಚಿಹ್ನೆ ಮತ್ತು ಅಂಕ. ಈ ಆಜ್ಞೆಯ ಅಕ್ಷರ, ಅಂಕಿಗಳನ್ನು ಕನ್ನಡ ಕೀಲಿಮಣೆಯಲ್ಲಿ ಒತ್ತಿದರೆ ದಾಳ ಬೀಳುವುದಿಲ್ಲ; ಕೀಲಿಮಣೆ ಬದಲಿಸಲು ಮರೆಯುವುದು ನಿತ್ಯದ ಎಡವಟ್ಟು.

ಹೆಸರು, ಟಿಪ್ಪಣಿ, ಮಾತು ಕನ್ನಡದಲ್ಲೇ ಬರೆಯಬಹುದು. ಒಂದೇ ಷರತ್ತು, ಬರಹ ಯೂನಿಕೋಡ್‌ನಲ್ಲಿರಬೇಕು. ನಮ್ಮ ಹಡಗಿಗೆ ‘ತಡಿಯಂಡಮೋಳ್’ ಎಂದು ಹೆಸರಿಟ್ಟು, ಅದರ ಚರಿತ್ರೆಯನ್ನು ಹಳೆಯ ನುಡಿ ಫಾಂಟ್‌ನಲ್ಲಿ ಒಂದು ಪುಟ ಬರೆದು ತಂದು ಅಂಟಿಸಿದ ಗೆಳೆಯನಿಗೆ ಪರದೆಯಲ್ಲಿ ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ನುಡಿ, ಬರಹಗಳಲ್ಲಿ ಯೂನಿಕೋಡ್ ಆಯ್ಕೆ ಇದೆ. ಹಳೆಯ ಬರಹವಿದ್ದರೆ ಪರಿವರ್ತಕದಿಂದ ಬದಲಾಯಿಸಿಕೊಂಡು ಬನ್ನಿ.

8. ಧ್ವನಿ

ವರ್ಚುವಲ್ ಟೇಬಲ್‌ಟಾಪ್‌ನ ಒಳಗಿನ ಧ್ವನಿ ಸೌಲಭ್ಯವನ್ನು ನಂಬದೆ ‘ಡಿಸ್ಕಾರ್ಡ್’ನಂಥ ಬೇರೆ ತಂತ್ರಾಂಶವನ್ನು, ಸಾಧ್ಯವಾದರೆ ಬೇರೆ ಸಾಧನದಲ್ಲಿ ಬಳಸಿ: ಮೇಜು ಲ್ಯಾಪ್‌ಟಾಪ್‌ನಲ್ಲಿ, ಮಾತು ಮೊಬೈಲ್‌ನಲ್ಲಿ. ಎರಡೂ ಬೇರೆ ಬೇರೆ ಸಂಪರ್ಕದಲ್ಲಿದ್ದರೆ ಒಂದು ಕಡಿದರೂ ಇನ್ನೊಂದು ಉಳಿಯುತ್ತದೆ. ತಂತಿಯ ಇಯರ್‌ಫೋನ್ ಕಡ್ಡಾಯ, ಇಲ್ಲದಿದ್ದರೆ ಸ್ಪೀಕರ್‌ನ ಮಾತು ಮೈಕ್‌ಗೆ ಹೊಕ್ಕು ಪ್ರತಿಧ್ವನಿಸುತ್ತದೆ. ತಗಡಿನ ಮಾಡಿನ ಮೇಲೆ ಜುಲೈ ಮಳೆ ಹೊಯ್ಯುವಾಗ ಶಬ್ದ ತಗ್ಗಿಸುವ ಸೌಲಭ್ಯವೂ ಸೋಲುವುದುಂಟು. ಆಗ ಗುಂಡಿ ಒತ್ತಿ ಹಿಡಿದರೆ ಮಾತ್ರ ಮೈಕ್ ತೆರೆಯುವ ಕ್ರಮಕ್ಕೆ ಬದಲಾಯಿಸಿಕೊಳ್ಳಿ.

9. ಆಡುವ ಮೊದಲಿನ ಕೂಟ

ಇದಕ್ಕೆ ಸೆಷನ್ ಝೀರೋ ಎಂದು ಹೆಸರು. ಒಂದು ಗಂಟೆ ಸಾಕು. ಎಲ್ಲರೂ ಒಳಬಂದು ಒಂದು ಕಾಯಿ ಸರಿಸಿ, ಒಮ್ಮೆ ದಾಳ ಎಸೆದು, ಒಂದು ಸಾಲು ಕನ್ನಡ ಬರೆದು ತೋರಿಸಲಿ. ಕಥೆಯಲ್ಲಿ ಯಾವ ಬಗೆಯ ಭೀಕರತೆ ಬೇಡ ಎಂಬುದನ್ನೂ ಇದೇ ಕೂಟದಲ್ಲಿ ಕೇಳಿಕೊಳ್ಳಿ. ಮುಖ ಕಾಣದ ಆಟದಲ್ಲಿ ಒಬ್ಬರು ಮುಜುಗರಪಟ್ಟದ್ದು ಉಳಿದವರ ಗಮನಕ್ಕೆ ಬರುವುದೇ ಇಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದವರು ವಾರವಾರ ಬರಲಾರರು, ಅದಕ್ಕೆ ತಕ್ಕಂತೆ ದಿನಗಳನ್ನು ಈಗಲೇ ಗೊತ್ತುಮಾಡಿ.

10. ಆಟದ ರಾತ್ರಿ

ಸಂಪರ್ಕ ಕಡಿದರೆ ಏನು ಮಾಡುವುದೆಂಬ ನಿಯಮ ಮೊದಲೇ ಇರಲಿ. ನಮ್ಮಲ್ಲಿರುವುದು ಹೀಗೆ: ಒಬ್ಬರು ಕಡಿದುಹೋದರೆ ಅವರ ಪಾತ್ರ ಎಂಜಿನ್ ಕೋಣೆಗೆ ಹೋಗಿದೆ ಎಂದುಕೊಂಡು ಹತ್ತು ನಿಮಿಷ ಕಾಯುತ್ತೇವೆ, ಅವರಿಲ್ಲದಾಗ ಆ ಪಾತ್ರಕ್ಕೆ ಪೆಟ್ಟಾಗುವುದಿಲ್ಲ. ಇಬ್ಬರು ಕಡಿದುಹೋದರೆ ನಕ್ಷೆ ಮುಚ್ಚಿ ಫೋನಿನ ಕಾನ್ಫರೆನ್ಸ್ ಕರೆಯಲ್ಲಿ, ಮನೆಯ ದಾಳ ಎಸೆದು, ಮಾತಿನಲ್ಲೇ ದೃಶ್ಯ ಮುಗಿಸುತ್ತೇವೆ. ಇದಕ್ಕಾಗಿ ಪ್ರತಿಯೊಬ್ಬರ ಪಾತ್ರಪಟ್ಟಿಯ ಒಂದು ಪ್ರತಿ ಕಾಗದದ ಮೇಲಿರಬೇಕು. ಗೇಮ್ ಮಾಸ್ಟರ್ ಕಡಿದುಹೋದರೆ ಆ ರಾತ್ರಿಯ ಆಟ ಅಲ್ಲಿಗೆ ಮುಗಿಯಿತು.

ಹೊಸ ದೃಶ್ಯಕ್ಕೆ ಹೋಗುವಾಗ ಆಟಗಾರರಿಗೆ ಯಾವ ಪುಟ ಕಾಣಬೇಕೆಂದು ಸೂಚಿಸುವ ರೋಲ್20ರ ಗುರುತುಪಟ್ಟಿಯನ್ನೂ ಹೊಸ ಪುಟಕ್ಕೆ ಸರಿಸಿದ್ದೀರಾ ನೋಡಿ. ನೀವು ಶತ್ರು ಹಡಗಿನ ನಿಯಂತ್ರಣ ಕೋಣೆಯನ್ನು ಬಣ್ಣಿಸುತ್ತಿದ್ದರೆ ಅವರ ಪರದೆಯಲ್ಲಿ ಇನ್ನೂ ಹಿಂದಿನ ಬಂದರಿನ ಹೋಟೆಲೇ ಇರುವುದು ಹೊಸ ಗೇಮ್ ಮಾಸ್ಟರ್‌ಗಳಿಗೆಲ್ಲ ಒಮ್ಮೆಯಾದರೂ ಆಗುವ ಅನುಭವ. ಆಟ ನಿಲ್ಲಿಸಿದ ಕೂಡಲೇ ಹಡಗು ಎಲ್ಲಿದೆ, ದಿನಾಂಕ ಎಷ್ಟು, ಯಾರ ಬಳಿ ಎಷ್ಟು ಹಣ, ಯಾರಿಗೆ ಎಷ್ಟು ಗಾಯ ಎಂಬ ನಾಲ್ಕು ಸಾಲನ್ನು ತಂಡದ ವಾಟ್ಸಾಪ್ ಗುಂಪಿಗೆ ಹಾಕಿ, ಫೌಂಡ್ರಿಯವರು ಫೋಲ್ಡರ್‌ನ ನಕಲು ತೆಗೆದು, ಮಲಗುವ ಮೊದಲು ರೂಟರ್‌ನ ಯುಪಿಎಸ್ ಮತ್ತೆ ಚಾರ್ಜ್ ಆಗುತ್ತಿದೆಯೇ ಎಂದು ಅದರ ದೀಪ ನೋಡಿಕೊಳ್ಳಿ.